ಆಟವೆಂದರೆ ಅಷ್ಟು ಸಸಾರವೆ?

ಕೆಲವು ತಿಂಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಸಾಹಿತ್ಯ ಸಭೆಗೆ ಹೋಗಿದ್ದೆ. ಯಾವ ಸಭೆ, ಯಾರ ಅಧ್ಯಕ್ಷತೆ ಎಂಬುದು ಇಲ್ಲಿ ಮುಖ್ಯವಲ್ಲ. ಅಂಥ ಸಭೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಹಿರಿಯರೊಬ್ಬರು ಎದ್ದು, ಕನ್ನಡದ ಓದುಗ ಎಲ್ಲಿಗೆ ಹೋದನೆಂಬ ಪ್ರಶ್ನೆಯನ್ನು ತಾವೇ ಕೇಳಿ ತಾವೇ ಉತ್ತರ ಕೊಟ್ಟರು. ಹುಡುಗರೆಲ್ಲ ವಿಡಿಯೋ ಗೇಮಿನ ಬಾಯಿಗೆ ಬಿದ್ದಿದ್ದಾರಂತೆ. ಕೈಯಲ್ಲಿ ಕಾದಂಬರಿ ಹಿಡಿಯಬೇಕಾದ ವಯಸ್ಸಿನಲ್ಲಿ ಪರದೆಯ ಮೇಲೆ ಗುಂಡು ಹಾರಿಸುತ್ತ ಕೂತಿದ್ದಾರಂತೆ. ಆಟ ಆಡುವವನಿಗೆ ಕಥೆ ಬೇಡ, ಕಥೆ ಬೇಡವಾದವನಿಗೆ ಭಾಷೆಯೂ ಬೇಡವಂತೆ. ಮಾತು ಚೆನ್ನಾಗಿತ್ತು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಹಾಗೆ ತಟ್ಟಿದ ಕೈಗಳ ಪ್ರಾಯಶ್ಚಿತ್ತಕ್ಕಾಗಿ ಈ ಲೇಖನವೆಂದು ಓದುಗರು ತಿಳಿಯಬಹುದು.

ನಾನಿರುವುದು ಶಿವಮೊಗ್ಗದ ಗೋಪಾಳದಲ್ಲಿ. ನನ್ನ ತಮ್ಮನ ಸಂಸಾರ ಭದ್ರಾವತಿಯಲ್ಲಿ. ನಡುವೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರು. ನಮ್ಮ ಊರಿಗೆ ತುಂಗೆ, ಅವರ ಊರಿಗೆ ಭದ್ರೆ. ಅವೆರಡೂ ಕೂಡಲಿಯಲ್ಲಿ ಸೇರುವ ಹಾಗೆ ನಮ್ಮೆರಡು ಮನೆಗಳೂ ಹಬ್ಬಕ್ಕೆ ಸೇರುವುದು ವಾಡಿಕೆ. ಈ ಸಲದ ದೀಪಾವಳಿಗೆ ತಮ್ಮನ ಮಗಳು ಬೆಂಗಳೂರಿನಿಂದ ನೇರವಾಗಿ ನಮ್ಮ ಮನೆಗೇ ಬಂದಳು. ಇಂಜಿನಿಯರಿಂಗ್ ಓದಿ ಕೆಲಸದಲ್ಲಿರುವ ಹುಡುಗಿ. ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಕಚೇರಿಯ ಕೆಲಸವಿರಬೇಕೆಂದು ಕನ್ನಡಕದ ಮೇಲಿನಿಂದ ಇಣುಕಿದೆ. ಒಂದು ದಪ್ಪ ತಲೆಯ ಬೆಕ್ಕು ವಿದ್ಯುತ್ ತಂತಿಯ ಮೇಲೆ ನಡೆದುಕೊಂಡು ಹೋಗುತ್ತಿತ್ತು.

"ಏನಮ್ಮಾ ಇದು? ಇಂಜಿನಿಯರಿಂಗ್ ಓದಿದವಳು ಬೆಕ್ಕು ಆಡಿಸ್ತಾ ಕೂತಿದೀಯಲ್ಲ?"

"ಇದು ನಮ್ಮೂರ ಕಥೆ ದೊಡ್ಡಪ್ಪಾ" ಎಂದಳು, ತಲೆ ಎತ್ತದೆ.

"ಅಮೆರಿಕದ ಬೆಕ್ಕಿಗೂ ಭದ್ರಾವತಿಗೂ ಏನೇ ಸಂಬಂಧ?"

"ಕೂತ್ಕೊಳಿ. ನೋಡಿ ಆಮೇಲೆ ಬೈಯ್ರಿ."

ಬೈಯುವ ಸಂತೋಷ ಎಲ್ಲಿಯೂ ಹೋಗುವುದಿಲ್ಲವೆಂದು ಕೂತೆ. ಒಂದು ಸಂಜೆಗೆಂದು ಕೂತವನು ಮೂರು ಸಂಜೆ ಕೂತೆ.

ಆ ಆಟದ ಹೆಸರು 'ನೈಟ್ ಇನ್ ದಿ ವುಡ್ಸ್'. 2017ರಲ್ಲಿ ಹೊರಬಂದದ್ದು. ಅದನ್ನು ಕಟ್ಟಿದವರು ಮುಖ್ಯವಾಗಿ ಮೂವರು. 2013ರಲ್ಲಿ ಜನರ ಮುಂದೆ ಜೋಳಿಗೆ ಹಿಡಿದು, ಸಾರ್ವಜನಿಕರ ಚಂದಾದಿಂದ ಆರಂಭಿಸಿದರು. ಕಥೆ ನಡೆಯುವುದು ಪಾಸಮ್ ಸ್ಪ್ರಿಂಗ್ಸ್ ಎಂಬ ಕಲ್ಪಿತ ಊರಿನಲ್ಲಿ. ಹಿಂದೆ ಅಲ್ಲಿ ಕಲ್ಲಿದ್ದಲ ಗಣಿಯಿತ್ತು, ಮುಚ್ಚಿತು. ಗಾಜಿನ ಕಾರ್ಖಾನೆಯಿತ್ತು, ಅದೂ ಮುಚ್ಚಿತು. ಇಪ್ಪತ್ತು ವರ್ಷದ ಮೇ ಎಂಬ ಹುಡುಗಿ (ಬೆಕ್ಕಿನ ರೂಪದವಳು) ಕಾಲೇಜು ಬಿಟ್ಟು ಊರಿಗೆ ವಾಪಸು ಬರುತ್ತಾಳೆ. ಏಕೆ ಬಿಟ್ಟಳೆಂದು ಯಾರಿಗೂ ಹೇಳುವುದಿಲ್ಲ. ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವಳ ಅಪ್ಪ ಈಗ ಒಂದು ದೊಡ್ಡ ಅಂಗಡಿಯಲ್ಲಿ ಗಿರಾಕಿಗಳಿಗೆ ಮಾಂಸ ಕತ್ತರಿಸಿ ಕೊಡುತ್ತಾನೆ. ಮನೆ ಸಾಲದಲ್ಲಿದೆ. ಗೆಳತಿ ಬೀ (ಮೊಸಳೆ) ತಾಯಿ ಸತ್ತ ಮೇಲೆ ಅಪ್ಪನ ಹಾರ್ಡ್‌ವೇರ್ ಅಂಗಡಿಯನ್ನು ಹೆಗಲಿಗೆ ಹಾಕಿಕೊಂಡು ಒಳಗೊಳಗೇ ಸುಡುತ್ತಿದ್ದಾಳೆ: ತನಗೆ ಸಿಗದ ಕಾಲೇಜು ಇವಳಿಗೆ ಸಿಕ್ಕಿತು, ಇವಳು ಅದನ್ನು ಎಸೆದು ಬಂದಳು. ಗೆಳೆಯ ಗ್ರೆಗ್ (ನರಿ) ಒಂದು ಅಂಗಡಿಯಲ್ಲಿ ಕೂಲಿ ಮಾಡುತ್ತ, ತನ್ನ ಸಂಗಾತಿ ಆಂಗಸ್‌ನೊಡನೆ (ಕರಡಿ) ಈ ಊರು ಬಿಟ್ಟುಹೋಗುವುದಕ್ಕೆ ಕಾಸಿಗೆ ಕಾಸು ಕೂಡಿಸುತ್ತಿದ್ದಾನೆ.

ಗುಂಡು ಹಾರಿಸುವವನು ನೀವಲ್ಲ. ಅಂಕ ಗಳಿಸುವುದಿಲ್ಲ, ರಾಕ್ಷಸನನ್ನು ಕೊಲ್ಲುವುದಿಲ್ಲ. ಆಡುವವರು ಮಾಡಬೇಕಾದದ್ದು ಬೆಳಿಗ್ಗೆ ಏಳುವುದು, ಅಡಿಗೆಮನೆಯಲ್ಲಿ ಅಮ್ಮನ ಹತ್ತಿರ ಎರಡು ಮಾತಾಡುವುದು, ಬೀದಿಯಲ್ಲಿ ನಡೆಯುವುದು, ಕಂಡವರನ್ನು ಮಾತನಾಡಿಸುವುದು, ಸಂಜೆ ಯಾರ ಜೊತೆ ಹೊರಗೆ ಹೋಗಬೇಕೆಂದು ನಿರ್ಧರಿಸುವುದು. ರಾತ್ರಿ ಅಪ್ಪ ಕೆಲಸದಿಂದ ಬಂದು ಟೀವಿಯ ಮುಂದೆ ಕೂತಿರುತ್ತಾನೆ. ನೀವು ಅವನ ಪಕ್ಕ ಕೂರಬಹುದು. ಕೂರದೆ ಮಹಡಿ ಹತ್ತಿ ಹೋಗಿ ಮಲಗಲೂಬಹುದು. ಕೂತರೆ ಏನೂ ಆಗುವುದಿಲ್ಲ. ಇಬ್ಬರೂ ಸೇರಿ ಒಂದು ಕೆಲಸಕ್ಕೆ ಬಾರದ ಕಾರ್ಯಕ್ರಮ ನೋಡುತ್ತಾರೆ, ಅಪ್ಪ ಒಂದೆರಡು ತಮಾಷೆ ಮಾಡುತ್ತಾನೆ, ಅಷ್ಟೆ. ನಮ್ಮ ಹುಡುಗಿ ಪ್ರತಿ ರಾತ್ರಿಯೂ ತಪ್ಪದೆ ಅಲ್ಲಿ ಕೂತಳು.

ಮೊದಲನೆಯ ರಾತ್ರಿ ನನಗೆ ಅದು ತಿಳಿಯಲಿಲ್ಲ. ಎರಡನೆಯ ರಾತ್ರಿ ತಿಳಿಯಿತು. ಅವಳ ಅಪ್ಪ, ಎಂದರೆ ನನ್ನ ತಮ್ಮ, ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಈಗ ಒಂದು ಸಗಟು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಎಂಟೂವರೆಗೆ ಮನೆಗೆ ಬಂದು ಟೀವಿಯ ಮುಂದೆ ಕೂರುತ್ತಾನೆ. ಈ ಮೂವತ್ತು ವರ್ಷಗಳಲ್ಲಿ ನಾನು ಓದಿದ ಕನ್ನಡ ಕಥೆಗಳಲ್ಲಿ ಅಗ್ರಹಾರದ ಅಪ್ಪಂದಿರಿದ್ದರು, ತೋಟದ ಅಪ್ಪಂದಿರಿದ್ದರು, ಕುಡಿದು ಹೊಡೆಯುವ ಅಪ್ಪಂದಿರಿದ್ದರು. ನನ್ನ ತಮ್ಮನಂತೆ ಸುಮ್ಮನೆ ಕೂತು ಟೀವಿ ನೋಡುವ ಅಪ್ಪನನ್ನು ನಾನು ಕಂಡದ್ದು ಈ ಬೆಕ್ಕಿನ ಆಟದಲ್ಲಿ.

ಭದ್ರಾವತಿಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅರಿಯದವರಿಗಾಗಿ ನಾಲ್ಕು ಮಾತು. 1918ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿತು. ಅದರ ಹಿಂದಿದ್ದವರು ವಿಶ್ವೇಶ್ವರಯ್ಯನವರು, ಮುಂದೆ ಅವರ ಹೆಸರೇ ಅದಕ್ಕೆ ನಿಂತಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಹುಟ್ಟಿತು. ಕಬ್ಬಿಣ, ಕಾಗದ ಎರಡೂ ಒಂದೇ ಊರಿನಿಂದ! ನಾವು ಚಿಕ್ಕವರಿದ್ದಾಗ ಭದ್ರಾವತಿಯಲ್ಲಿ ಕೆಲಸವಿರುವ ವರ ಎಂದರೆ ಹೆಣ್ಣಿನ ಕಡೆಯವರು ಜಾತಕವನ್ನು ಅಷ್ಟಾಗಿ ಕೆದಕುತ್ತಿರಲಿಲ್ಲ. 2015ರ ಸುಮಾರಿಗೆ ಕಾಗದದ ಗಿರಣಿಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಹೋರಾಟ ನಡೆಯಿತು, ಮತ್ತೆ ಸ್ವಲ್ಪ ಉಸಿರಾಡಿತು. ಆಗಾಗ ಒಬ್ಬ ಮಂತ್ರಿ ಬಂದು ಪುನಶ್ಚೇತನ ಎಂಬ ಶಬ್ದವನ್ನು ಹೇಳಿ ಹೋಗುತ್ತಾರೆ. ನೀವು ಓದುವ ಪತ್ರಿಕೆಗಳು ಒಂದು ಕಾಲಕ್ಕೆ ಭದ್ರಾವತಿಯ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಆ ಪತ್ರಿಕೆಗಳ ಸಾಹಿತ್ಯದ ಪುಟಗಳಲ್ಲಿ ಭದ್ರಾವತಿಯ ಮೇಲೆ ಎಷ್ಟು ಕಥೆ ಬಂದಿವೆ? ಸಾಹಿತಿಗಳು ಎದೆ ಮುಟ್ಟಿಕೊಂಡು ಹೇಳಲಿ. ಶಿವಮೊಗ್ಗ ಜಿಲ್ಲೆಯೆಂದರೆ ನಮಗೆ ಕುಪ್ಪಳಿ, ಮಲೆ, ಮಳೆ. ಹೊಗೆಯ ಕೊಳವೆಯ ಕೆಳಗೆ ಮೂರು ತಲೆಮಾರು ಬದುಕಿದವರು ನಮ್ಮ ಭೂಪಟದಲ್ಲಿ ಇಲ್ಲ.

ಕಥೆಯ ಕೊನೆಯನ್ನು ಹೇಳಬಾರದೆಂದು ಹುಡುಗಿ ತಾಕೀತು ಮಾಡಿದ್ದಾಳೆ. ಆದರೆ ವಾದಕ್ಕೆ ಬೇಕಾಗಿರುವುದರಿಂದ ಹೇಳುತ್ತೇನೆ, ಅವಳು ಕ್ಷಮಿಸಲಿ. ಊರಿನ ಕೆಲವು ಹಿರಿಯರು ಗುಟ್ಟಾಗಿ ಒಂದು ಕೂಟ ಕಟ್ಟಿಕೊಂಡಿರುತ್ತಾರೆ. ಪಾಳುಬಿದ್ದ ಗಣಿಯ ಹೊಂಡದೊಳಗೆ ಯಾವುದೋ ಒಂದು ಶಕ್ತಿಯಿದೆ, ಅದಕ್ಕೆ ಆಗಾಗ ಒಂದು ಜೀವವನ್ನು ಕೊಟ್ಟರೆ ಊರಿಗೆ ಹಳೆಯ ಸಿರಿ ಮರಳುತ್ತದೆ ಎಂದು ನಂಬಿ, ದಿಕ್ಕಿಲ್ಲದ ಹುಡುಗರನ್ನು ಅದರೊಳಗೆ ನೂಕುತ್ತಾರೆ. ಇದನ್ನು ಕಂಡಾಗ ನಾನು ಕುರ್ಚಿಯಿಂದ ಮುಂದಕ್ಕೆ ಜರುಗಿದೆ. ಇದು ನಮ್ಮ 'ಕೆರೆಗೆ ಹಾರ'ವಲ್ಲವೆ? ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಕೊಟ್ಟ ಊರೂ ಇದೇ ಲೆಕ್ಕವನ್ನು ಹಾಕಿತ್ತು. ನಮ್ಮ ಜನಪದದ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡ ಆ ಹಾಡನ್ನು ಮೂರು ಜನ ದೂರದ ನಾಡಿನಲ್ಲಿ ಕೂತು, ಅದರ ಹೆಸರನ್ನೂ ಕೇಳದೆ, ತಮ್ಮ ಗಣಿಯ ಊರಿಗೆ ಹೊಸದಾಗಿ ಕಟ್ಟಿಕೊಂಡಿದ್ದಾರೆ. ಹಳೆಯ ವೈಭವಕ್ಕಾಗಿ ಹೊಸ ತಲೆಮಾರನ್ನು ಬಲಿ ಕೊಡುವ ಹಿರಿಯರು! ಸಾಹಿತ್ಯ ಸಭೆಯ ಭಾಷಣ ನೆನಪಾಗಿ ನನಗೆ ಸ್ವಲ್ಪ ಇರುಸುಮುರುಸಾಯಿತು.

ಆಡುವವನಿಗೆ ಕಥೆ ಬೇಡವೆಂದ ಮಹನೀಯರು ಇನ್ನೊಂದು ಸಂಗತಿಯನ್ನೂ ಕೇಳಬೇಕು. ಎಸ್ತೋನಿಯಾ ಎಂಬ ದೇಶದ ಜನಸಂಖ್ಯೆ ಸುಮಾರು ಹದಿಮೂರು ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯೊಂದರದೇ ಹದಿನೇಳೂವರೆ ಲಕ್ಷ. ಆ ಪುಟ್ಟ ದೇಶದ ರಾಬರ್ಟ್ ಕುರ್ವಿಟ್ಸ್ ಎಂಬ ಲೇಖಕ 2013ರಲ್ಲಿ ಒಂದು ಕಾದಂಬರಿ ಬರೆದ. ಕೊಳ್ಳುವವರು ದಿಕ್ಕಿರಲಿಲ್ಲ. (ಈ ಅನುಭವ ನಮ್ಮಲ್ಲಿ ಯಾರಿಗೆ ಇಲ್ಲ?) ಅದೇ ಕಲ್ಪಿತ ಲೋಕವನ್ನು ಅವನೂ ಗೆಳೆಯರೂ ಸೇರಿ ಒಂದು ಆಟ ಮಾಡಿದರು, 2019ರಲ್ಲಿ 'ಡಿಸ್ಕೋ ಎಲಿಸಿಯಂ' ಎಂದು ಹೊರಬಂತು. ಅದರಲ್ಲಿರುವುದು ಸುಮಾರು ಹತ್ತು ಲಕ್ಷ ಪದಗಳ ಬರವಣಿಗೆ. ಕುಡಿದು ತನ್ನ ಹೆಸರನ್ನೇ ಮರೆತ ಒಬ್ಬ ಪೋಲೀಸು ಅಧಿಕಾರಿ, ಸೋತುಹೋದ ಒಂದು ಕ್ರಾಂತಿ, ಮುಷ್ಕರದಲ್ಲಿರುವ ಬಂದರಿನ ಕೂಲಿಗಳು. ಈ ಹತ್ತು ಲಕ್ಷ ಪದಗಳನ್ನು ಪರದೆಯ ಮೇಲೆ ಓದಿದವರು ಲಕ್ಷಗಟ್ಟಲೆ ಹುಡುಗ ಹುಡುಗಿಯರು. ಕಾದಂಬರಿಯಾಗಿದ್ದಾಗ ಯಾರೂ ತಿರುಗಿ ನೋಡದ ಲೋಕ! ಅದು ಇಂಗ್ಲಿಷಿನಲ್ಲಿ ಬಂತು, ಎಸ್ತೋನಿಯಾದ ಭಾಷೆಯಲ್ಲಿ ಅಲ್ಲ ಎಂಬ ಕೊರಗು ನನಗೂ ಇದೆ. ಆದರೆ ಓದುಗ ಸತ್ತಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅವನು ಇನ್ನೊಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದಾನೆ. ನಾವು ಹಳೆಯ ಬಾಗಿಲಲ್ಲಿ ನಿಂತು ಅವನ ತಿಥಿ ಮಾಡುತ್ತಿದ್ದೇವೆ.

ಬೆಕ್ಕು, ನರಿ, ಮೊಸಳೆ ಮಾತಾಡುವುದು ಮಕ್ಕಳಾಟವೆಂದು ಇನ್ನೊಬ್ಬ ಸ್ನೇಹಿತರು ನಕ್ಕರು. ಸುಮಾರು ಸಾವಿರ ವರ್ಷದ ಹಿಂದೆ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಾಗ ಎತ್ತು, ಸಿಂಹ, ನರಿಗಳು ಮಾತಾಡಿದ್ದು ಮಕ್ಕಳಿಗಾಗಿಯೆ? ಪುಣ್ಯಕೋಟಿಯ ಕಥೆಯನ್ನು ಕೇಳಿ ಕಣ್ಣೊರೆಸಿಕೊಂಡ ಈ ಸ್ನೇಹಿತರು ಅದು ಹಸುವೆಂದು ಆಗ ಆಕ್ಷೇಪಿಸಲಿಲ್ಲ. ಮನುಷ್ಯನ ಮುಖ ಹಾಕಿದ್ದರೆ, ಇವನು ಬಿಳಿಯ, ಇವಳು ಕರಿಯಳು, ಇವರು ನಮ್ಮವರಲ್ಲ ಎಂದು ಮೊದಲೇ ಮನಸ್ಸಿನಲ್ಲಿ ಗೆರೆ ಎಳೆದುಬಿಡುತ್ತಿದ್ದೆವು. ಬೆಕ್ಕಿನ ಮುಖ ಹಾಕಿದ್ದರಿಂದ ಭದ್ರಾವತಿಯ ಹುಡುಗಿಗೆ ಅದರೊಳಗೆ ಹೊಕ್ಕುವುದಕ್ಕೆ ದಾರಿಯಾಯಿತು. ಆ ಪಾತ್ರಗಳ ಮುದ್ದುತನ ಸುಮ್ಮನೆ ಬಂದದ್ದಲ್ಲ. ಅದು ಬಾಗಿಲ ಮುಂದಿನ ರಂಗೋಲಿ. ಒಳಗೆ ಕರೆಯುವುದಕ್ಕೆ ಹಾಕಿದ್ದು.

ಈಗ ಮೂಲಕ್ಕೇ ಬರೋಣ. 'ಆಟ'ವೆಂಬ ಶಬ್ದವನ್ನು ನಮ್ಮ ಸಾಹಿತಿಗಳು ಉಗುಳುವ ರೀತಿಯೇ ನನಗೆ ಅರ್ಥವಾಗದು. ಮಲೆನಾಡಿನವರೂ ಕರಾವಳಿಯವರೂ 'ಆಟಕ್ಕೆ ಹೋಗೋಣ' ಎಂದರೆ ಚೆಂಡಾಟಕ್ಕಲ್ಲ, ಯಕ್ಷಗಾನಕ್ಕೆ. ಹರಕೆ ಹೊತ್ತವರು ಆಡಿಸುವುದು ಆಟವನ್ನೇ. ಬಯಲುಸೀಮೆಯವರದು ಬಯಲಾಟ, ಉತ್ತರದವರದು ದೊಡ್ಡಾಟ, ಸಣ್ಣಾಟ. ಮಹಾಭಾರತವನ್ನು ರಾತ್ರಿಯಿಡೀ ಕಣ್ಣಮುಂದೆ ನಿಲ್ಲಿಸುವುದಕ್ಕೆ ಕನ್ನಡಿಗ ಇಟ್ಟ ಹೆಸರು ಆಟ! ಕಥೆಗೂ ಆಟಕ್ಕೂ ಜಗಳವಿದೆ ಎಂಬುದು ಕನ್ನಡದ ನಂಬಿಕೆಯಲ್ಲ. ಅದು ನಾವು ಶಾಲೆಯಲ್ಲಿ ಇಂಗ್ಲಿಷಿನಿಂದ ಸಾಲ ತಂದ ನಂಬಿಕೆ. ಆಡುವವನ ಕೈಗೆ ಕಥೆಯನ್ನು ಕೊಟ್ಟರೆ ಕರ್ತೃವಿನ ಗತಿಯೇನು ಎಂದು ಕೇಳುವ ವಿಮರ್ಶಕರು ಒಂದು ತಾಳಮದ್ದಳೆಗೆ ಹೋಗಿ ಕೂರಲಿ. 'ಕೃಷ್ಣ ಸಂಧಾನ'ದಲ್ಲಿ ಸಂಧಾನ ಮುರಿಯುತ್ತದೆ, ಯುದ್ಧ ಆಗಿಯೇ ಆಗುತ್ತದೆ. ಕೊಟ್ಟಿಗೆಯಲ್ಲಿ ಮಲಗಿದ ಎಮ್ಮೆಗೂ ಅದು ಗೊತ್ತು. ಆದರೂ ಜನ ಬೆಳಗಿನ ಜಾವದವರೆಗೆ ಕೂರುವುದೇಕೆ? ಪದ್ಯ ಕವಿಯದು, ಅರ್ಥ ಆ ರಾತ್ರಿಯ ಅರ್ಥಧಾರಿಯದು. ಈ ರಾತ್ರಿ ಈ ಕೌರವ ಯಾವ ಮಾತಿನಿಂದ ಸೂಜಿಮೊನೆಯ ನೆಲವನ್ನೂ ನಿರಾಕರಿಸುತ್ತಾನೆ ಎಂಬುದೇ ಕುತೂಹಲ. ನನ್ನ ತಮ್ಮನ ಮಗಳು ಮಾಡುತ್ತಿದ್ದದ್ದೂ ಅದನ್ನೇ. ಮೇ ಎಂಬವಳ ಕಥೆಯ ಹಳಿ ಮೊದಲೇ ಹಾಕಿದ್ದು. ಆದರೆ ಸಂಜೆ ಬೀಯ ಜೊತೆ ಹೋಗುವುದೋ ಗ್ರೆಗ್‌ನ ಜೊತೆಯೋ ಎಂಬುದು ಅವಳದು. ಒಬ್ಬರ ಜೊತೆ ಹೋದರೆ ಇನ್ನೊಬ್ಬರ ಅಂದಿನ ಕಥೆ ತಪ್ಪಿಹೋಯಿತು. "ಇಬ್ಬರನ್ನೂ ಒಟ್ಟಿಗೆ ನೋಡೋಕಾಗಲ್ವೇನೆ?" ಎಂದು ಕೇಳಿದೆ. "ಬದುಕಿನಲ್ಲಿ ಆಗುತ್ತಾ ದೊಡ್ಡಪ್ಪಾ?" ಎಂದಳು. ಅವಳು ಬೀಯನ್ನು ಆರಿಸಿಕೊಂಡಳು. ಊರಿನಲ್ಲೇ ಉಳಿದು ಅಂಗಡಿ ನೋಡಿಕೊಳ್ಳುವ ಗೆಳತಿಯೊಬ್ಬಳು ಅವಳಿಗೂ ಭದ್ರಾವತಿಯಲ್ಲಿ ಇದ್ದಾಳೆ. ಎರಡು ವರ್ಷದಿಂದ ಮಾತಿಲ್ಲವೆಂದು ಆಮೇಲೆ ತಿಳಿಯಿತು.

ಇನ್ನೊಂದು ಆಟವನ್ನೂ ತೋರಿಸಿದಳು: 'ಅಂಡರ್‌ಟೇಲ್', 2015ರದು, ಬಹುಮಟ್ಟಿಗೆ ಟೋಬಿ ಫಾಕ್ಸ್ ಎಂಬ ಒಬ್ಬನೇ ಕಟ್ಟಿದ್ದು. ಚಿತ್ರಗಳು ಕಸೂತಿಯ ಚುಕ್ಕೆಗಳಂತೆ, ಅಷ್ಟೇನೂ ಚೆಂದವಿಲ್ಲ. ದಾರಿ ತಪ್ಪಿ ಪಾತಾಳಕ್ಕೆ ಬಿದ್ದ ಮಗುವನ್ನು ಟೋರಿಯೆಲ್ ಎಂಬ ಆಡಿನ ಮುಖದ ತಾಯಿ ಎತ್ತಿಕೊಂಡು ಹೋಗಿ, ತಿಂಡಿ ಮಾಡಿ ಹಾಕಿ, ಇಲ್ಲಿಯೇ ಇರು ಎನ್ನುತ್ತಾಳೆ. ಹೊರಗೆ ಹೋಗಬೇಕಾದರೆ ಅವಳೊಡನೆ ಸೆಣಸಬೇಕು. ಈ ಆಟವನ್ನು ಯಾರನ್ನೂ ಕೊಲ್ಲದೆ ಕೊನೆಯವರೆಗೆ ಆಡಬಹುದು, ಕೊಂದೂ ಆಡಬಹುದು. ನಾನು ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿ ಆ ತಾಯಿಯನ್ನು ಕೊಂದೆ. ಗಾಬರಿಯಾಗಿ, ಹಿಂದಕ್ಕೆ ಹೋಗಿ ಮತ್ತೆ ಆಡಿಸೆಂದೆ. ಎರಡನೆಯ ಸಲ ಅವಳನ್ನು ಉಳಿಸಿ ಬೀಗಿದೆ. ಆಮೇಲೆ ಅಲ್ಲಿಯ ಒಂದು ಕುಹಕಿ ಹೂವು ನನ್ನನ್ನು ತಡೆದು ನಿಲ್ಲಿಸಿ, ನೀನು ಮೊದಲು ಏನು ಮಾಡಿದೆಯೆಂದು ನನಗೆ ಗೊತ್ತು ಎಂಬರ್ಥದ ಮಾತಾಡಿತು. ನಿಜ ಹೇಳುತ್ತೇನೆ, ಬೆನ್ನಹುರಿಯಲ್ಲಿ ಚಳಿ ಹತ್ತಿತು. ಕಾದಂಬರಿಯಲ್ಲಿ ನಾನು ನೂರು ಪುಟ ಹಿಂದಕ್ಕೆ ಹೋದರೂ ಅದು ಸುಮ್ಮನಿರುತ್ತದೆ. ಇದು ಲೆಕ್ಕವಿಟ್ಟುಕೊಂಡಿತ್ತು. ಚಿತ್ರಗುಪ್ತನ ಕಲ್ಪನೆ ಮಾಡಿದ ನಾಡಿನವರಿಗೆ ಇದು ಬಾಲಿಶವಾಗಿ ಕಾಣುವುದು ಆಶ್ಚರ್ಯವೇ ಸರಿ.

ಸಭೆಯ ಹಿರಿಯರ ಭಯಕ್ಕೆ ಒಂದು ಕಾರಣವಿದೆ, ಅದನ್ನು ಅಲ್ಲಗಳೆಯಲಾರೆ. ಪತ್ರಿಕೆಯಲ್ಲಿ ಆನ್‌ಲೈನ್ ಆಟವೆಂಬ ಮಾತು ಕಂಡರೆ ಅದರ ಪಕ್ಕದಲ್ಲೇ ರಮ್ಮಿ, ಸಾಲ, ಆತ್ಮಹತ್ಯೆ ಎಂಬ ಮಾತುಗಳೂ ಇರುತ್ತವೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು, ಒಳ್ಳೆಯದೇ ಆಯಿತು. ಆದರೆ ಆ ಕಾನೂನೇ ಜೂಜನ್ನು ಬೇರೆ ಇಟ್ಟು, ಉಳಿದ ಆಟಗಳನ್ನು ಬೇರೆ ಇಟ್ಟಿತು. ದೆಹಲಿಯ ಗುಮಾಸ್ತರು ಮಾಡಬಲ್ಲ ಈ ವಿವೇಚನೆಯನ್ನು ಕನ್ನಡದ ಸಾಹಿತಿಗಳು ಮಾಡಲಾರರೆ? ಇಸ್ಪೀಟಿನ ಎಲೆಯೂ ಕಾಗದ, ಕುವೆಂಪು ಕಾದಂಬರಿಯೂ ಕಾಗದ ಎಂದು ಎರಡನ್ನೂ ಯಾರೂ ಒಂದೇ ಮೂಟೆಗೆ ಕಟ್ಟುವುದಿಲ್ಲ.

ಈ ತಿರಸ್ಕಾರ ಹೊಸದೇನೂ ಅಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದ ಕಾಲದಲ್ಲಿ, ಆಮೇಲೂ ಎಷ್ಟೋ ವರ್ಷ, ಮನೆಯ ಹೆಣ್ಣುಮಕ್ಕಳು ಕಾದಂಬರಿ ಹಿಡಿದರೆ ಕೆಟ್ಟುಹೋಗುತ್ತಾರೆಂದು ಹೇಳಿದ ಹಿರಿಯರಿದ್ದರು. ನನ್ನ ಅಜ್ಜಿ ಕಾದಂಬರಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ಓದಿದವಳು. ಆಮೇಲೆ ಸಿನಿಮಾ ಬಂತು. ಅದೇ ಬೈಗುಳ ಅದಕ್ಕೆ ವರ್ಗವಾಯಿತು. ಆ ಹೊತ್ತಿನಲ್ಲಿ ನಮ್ಮ ಜಿಲ್ಲೆಯಲ್ಲೇ ಒಬ್ಬರು ಏನು ಮಾಡಿದರೆಂಬುದನ್ನು ಈ ಸಭಿಕರು ಮರೆತರೇಕೆ? 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ 1970ರ ದಶಕದಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಕೆ. ವಿ. ಸುಬ್ಬಣ್ಣನವರು 'ಪಥೇರ್ ಪಾಂಚಾಲಿ', 'ರಾಶೋಮಾನ್' ಮುಂತಾದ ಚಿತ್ರಗಳನ್ನು ಅಡಕೆ ತೋಟದವರ ಮುಂದೆ ಇಟ್ಟರು. ಇವರಿಗೆ ಜಪಾನಿನ ಚಿತ್ರ ತಿಳಿಯುತ್ತದೆಯೇ ಎಂದು ಅನುಮಾನಿಸಲಿಲ್ಲ. ನೋಡುವುದನ್ನು ಕಲಿಸುವ ಶಿಬಿರಗಳನ್ನು ನಡೆಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೇಸೇ ಪ್ರಶಸ್ತಿ ಬಂದಾಗ ಚಪ್ಪಾಳೆ ತಟ್ಟಿದ ಕೈಗಳೇ ಇಂದು ಕಂಪ್ಯೂಟರಿನ ಕಥೆಯಾಟವನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತವೆ. ಸುಬ್ಬಣ್ಣನವರ ಹೆಸರು ಹೇಳುವುದು ಸುಲಭ, ಅವರ ಕೆಲಸ ಕಷ್ಟ.

ಇಂಥ ಆಟಗಳನ್ನು 'ಇಂಡೀ' ಎನ್ನುತ್ತಾರೆ. ದೊಡ್ಡ ಕಂಪನಿಯ ಹಂಗಿಲ್ಲದೆ, ಒಬ್ಬರೋ ಮೂವರೋ ಸೇರಿ ಮಾಡಿ, ತಾವೇ ಮಾರಿಕೊಳ್ಳುವುದು ಎಂದರ್ಥ. ನಮಗೆ ಇದರ ಅರ್ಥ ಹೇಳಿಸಿಕೊಳ್ಳಬೇಕೆ? ಗಳಗನಾಥರು ಕಾದಂಬರಿಗಳನ್ನು ತಾವೇ ಬರೆದು, ತಾವೇ ಗಂಟು ಕಟ್ಟಿ ಹೊತ್ತು, ಊರೂರು ಅಲೆದು ಮಾರಿದರು. ಕನ್ನಡ ಕಾದಂಬರಿಗೆ ಓದುಗರು ಹುಟ್ಟಿದ್ದು ಅವರ ಸವೆದ ಅಂಗಾಲಿನಿಂದ. ಈ ಬೆಕ್ಕಿನ ಆಟದ ಮೂವರೂ ಆ ಎಸ್ತೋನಿಯಾದವನೂ ಗಳಗನಾಥರ ಕುಲದವರು, ನಮ್ಮವರೇ.

ನಿಜವಾದ ಹೊಟ್ಟೆಕಿಚ್ಚು ಹುಟ್ಟಿದ್ದು ಮೂರನೆಯ ಸಂಜೆ. ಹುಡುಗಿ 'ವೆಣ್ಬಾ' ಎಂಬ ಆಟ ತೆಗೆದಳು. 2023ರದು, ಕೆನಡಾದ ಟೊರಾಂಟೋದಲ್ಲಿ ಒಂದು ಸಣ್ಣ ಗುಂಪು ಮಾಡಿದ್ದು. ಹೆಸರೇ ತಮಿಳು ಛಂದಸ್ಸಿನದು! 1988ರಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿಗಳು. ತಾಯಿಯ ಕೈಬರಹದ ಹರಿದ ಅಡಿಗೆ ಪುಸ್ತಕ. ಅಳಿಸಿಹೋದ ಸಾಲನ್ನು ಊಹಿಸಿ ನಾವು ಇಡ್ಲಿ ಬೇಯಿಸಬೇಕು, ಪುಟ್ಟು ಮಾಡಬೇಕು. ಮಗ ಬೆಳೆಯುತ್ತಾನೆ, ಅಮ್ಮನ ಭಾಷೆಗೆ ನಾಚಿಕೊಳ್ಳುತ್ತಾನೆ, ದೂರವಾಗುತ್ತಾನೆ. ಕೊನೆಗೆ ಒಂಟಿಯಾಗಿ ಆ ಪುಸ್ತಕದ ಮುಂದೆ ಕೂತು, ತಾನು ಉಳಿಸಿಕೊಳ್ಳದ ಭಾಷೆಯಲ್ಲಿ ಬರೆದದ್ದನ್ನು ತಡವರಿಸುತ್ತ ಬಿಡಿಸುತ್ತಾನೆ. ಒಂದೂವರೆ ಗಂಟೆಯ ಆಟ. ಒಳಗಿನಿಂದ ನೋಡುತ್ತಿದ್ದ ನನ್ನ ಹೆಂಡತಿ, ಮಗ ಅಮೆರಿಕದಲ್ಲಿರುವವಳು, ಏನೂ ಹೇಳದೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ಈ ಆಟ 2024ರಲ್ಲಿ ಬ್ರಿಟಿಷ್ ಅಕಾಡೆಮಿಯ ಬಾಫ್ಟಾ ಪ್ರಶಸ್ತಿಯನ್ನು ಚೊಚ್ಚಲ ಕೃತಿಯೆಂದು ಪಡೆಯಿತು.

ತಮಿಳಿಗೆ ಆದದ್ದು ಕನ್ನಡಕ್ಕೆ ಏಕಾಗಲಿಲ್ಲ? ಯಂತ್ರ ಬಲ್ಲವರಿಲ್ಲವೆ? ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಹುಟ್ಟಿತು. ಪರದೇಶದ ಆಟಗಳಿಗೆ ಚಿತ್ರ ಮಾಡಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ರಾಕ್‌ಸ್ಟಾರ್ ಎಂಬ ವಿದೇಶದ ದೊಡ್ಡ ಕಂಪನಿ ಅದನ್ನು ಕೊಂಡಿತು. ನಮ್ಮ ಹುಡುಗರ ಕುಂಚಕ್ಕೆ ಕೊರತೆಯಿಲ್ಲ. ಸರ್ಕಾರವೂ ಹಿಂದೆ ಬಿದ್ದಿಲ್ಲ: ಅನಿಮೇಷನ್, ಗೇಮಿಂಗ್, ಕಾಮಿಕ್ಸ್‌ಗೆಂದು 2012ರಲ್ಲೇ ದೇಶದಲ್ಲಿ ಮೊದಲ ನೀತಿ ಮಾಡಿದ್ದು ಕರ್ನಾಟಕ, 2024ರಲ್ಲಿ ಐದು ವರ್ಷಕ್ಕೆ ಇನ್ನೊಂದು ನೀತಿ ಬಂತು. ಅವುಗಳಲ್ಲಿ ಉದ್ಯೋಗ, ರಫ್ತು, ಹೂಡಿಕೆಯ ಮಾತು ಧಾರಾಳವಾಗಿದೆ. ಬೇಕಾದದ್ದೇ. ಆದರೆ ಪರರ ಕಥೆಗೆ ಬಣ್ಣ ಹಚ್ಚುವ ಕೆಲಸವನ್ನು ರಫ್ತು ಮಾಡಿ, ಅವರ ಕಥೆಯನ್ನು ದುಡ್ಡು ಕೊಟ್ಟು ಆಮದು ಮಾಡಿಕೊಳ್ಳುವ ವ್ಯಾಪಾರದಲ್ಲಿ ನಷ್ಟ ಯಾರಿಗೆ? ನಮ್ಮಲ್ಲಿ ಇಲ್ಲದಿರುವುದು ಒಂದೇ: ಆ ಹುಡುಗರ ಪಕ್ಕ ಕೂತು ಕಥೆ ಬರೆದುಕೊಡುವ ಬರಹಗಾರ. ಅವನು ಸಭೆಯಲ್ಲಿ ಶಾಲು ಹೊದ್ದು, ಆಟ ಆಡುವವರನ್ನು ಬೈಯುತ್ತಿದ್ದಾನೆ. ನಾಲ್ಕು ಕೋಟಿಗೂ ಮಿಕ್ಕ ಜನರ ಮಾತೃಭಾಷೆ ಇದು! ಅಕಾಡೆಮಿಗಳು ಕಥಾ ಶಿಬಿರ ನಡೆಸುತ್ತವೆ, ಕಾವ್ಯ ಕಮ್ಮಟ ನಡೆಸುತ್ತವೆ. ಅದರಲ್ಲಿ ಒಂದಕ್ಕಾದರೂ ಕಂಪ್ಯೂಟರ್ ಬಲ್ಲ ನಾಲ್ಕು ಹುಡುಗಿಯರನ್ನು ಕರೆದು, ಭದ್ರಾವತಿಯ ಒಂದು ಬೀದಿಯನ್ನು ಹೇಗೆ ಕಟ್ಟೋಣವೆಂದು ಕೇಳಬಾರದೆ?

ನಾನು ಈ ಆಟಗಳ ಭಟ್ಟಂಗಿಯಾಗಿಬಿಟ್ಟೆನೆಂದು ಯಾರೂ ತಿಳಿಯಬೇಡಿ. ಹುಡುಗಿ ತೋರಿಸಿದವುಗಳಲ್ಲಿ ಮೂರು ನಾಲ್ಕು ನನಗೆ ಹಿಡಿಸಲಿಲ್ಲ. ಕೆಲವದರಲ್ಲಿ ಬರೀ ಮುದ್ದು. ದೊಡ್ಡ ಕಣ್ಣಿನ ಪ್ರಾಣಿಗಳು, ಮಳೆ, ಚಹ, ಒಂದು ನಿಟ್ಟುಸಿರು. ಸಕ್ಕರೆ ಹೆಚ್ಚಾದ ಪಾಯಸದಂತೆ ಎರಡನೆಯ ಚಮಚಕ್ಕೆ ಮುಖ ಕಟ್ಟುತ್ತದೆ. 'ನೈಟ್ ಇನ್ ದಿ ವುಡ್ಸ್' ಕೂಡ ನಡುವಿನಲ್ಲಿ ಎಳೆಯುತ್ತದೆ. ಒಬ್ಬ ಒಳ್ಳೆಯ ಸಂಪಾದಕನಿದ್ದಿದ್ದರೆ ಕನಸುಗಳಲ್ಲಿ ಅರ್ಧ ಕತ್ತರಿಸುತ್ತಿದ್ದ. ಆಡುವ ಹುಡುಗರ ಮೇಲೂ ನನ್ನ ತಕರಾರಿದೆ. ಎಸ್ತೋನಿಯಾದವನ ಹತ್ತು ಲಕ್ಷ ಪದ ಓದುವ ತಾಳ್ಮೆಯುಳ್ಳವರು ತೇಜಸ್ವಿಯವರ ಇನ್ನೂರು ಪುಟಕ್ಕೆ ಪುರುಸೊತ್ತಿಲ್ಲವೆಂದರೆ ನಂಬಲಾರೆ. ಈ ಮಾತನ್ನು ಅವಳಿಗೂ ಹೇಳಿದೆ. "ತೇಜಸ್ವಿ ಓದಿದೀನಿ ದೊಡ್ಡಪ್ಪಾ, ನೀವೇ ಕೊಟ್ಟಿದ್ರಲ್ಲ" ಎಂದು ಬಾಯಿ ಮುಚ್ಚಿಸಿದಳು. ಒಂದು ಮಾತು ಸೋತೆ, ವಾದ ಬಿಟ್ಟಿಲ್ಲ.

ಹಬ್ಬ ಮುಗಿಸಿ ಹೊರಟ ದಿನ ಅವಳು ಬೆಂಗಳೂರಿನ ಬಸ್ಸು ಹತ್ತಲಿಲ್ಲ; ಭದ್ರಾವತಿಗೆ ಹೋಗಿ, ಎರಡು ದಿನ ಅಪ್ಪನ ಜೊತೆ ಇದ್ದು ಆಮೇಲೆ ಹೋದಳು. ಲ್ಯಾಪ್‌ಟಾಪ್ ಒಯ್ದಳಾದರೂ ನನ್ನ ಹಳೆಯ ಕಂಪ್ಯೂಟರಿನಲ್ಲಿ ಆ ಬೆಕ್ಕಿನ ಆಟವನ್ನು ಹಾಕಿಕೊಟ್ಟಿದ್ದಾಳೆ. ನಾನು ಈಗ ಎರಡನೆಯ ಸಲ, ಗ್ರೆಗ್‌ನ ಜೊತೆ ಹೋಗುತ್ತಿದ್ದೇನೆ. ಸಭೆಯಲ್ಲಿ ಮಾತಾಡಿದ ಹಿರಿಯರಿಗೆ ನನ್ನದೊಂದು ಬಹಿರಂಗ ಆಹ್ವಾನ: ಅವರಿಗೆ ಗೋಪಾಳ ದೂರವೇನಲ್ಲ. ಮೂರು ಸಂಜೆ ಬರಲಿ. ಇಂಗ್ಲಿಷು ತೊಡಕಾದರೆ ಅರ್ಥ ನಾನು ಹೇಳುತ್ತೇನೆ. ಗುಂಡಿ ಅವರು ಒತ್ತಲಿ. ರಾತ್ರಿ ಆ ಅಪ್ಪ ಟೀವಿಯ ಮುಂದೆ ಕೂತಾಗ ಅವರು ಪಕ್ಕದಲ್ಲಿ ಕೂರುತ್ತಾರೋ, ಮಹಡಿ ಹತ್ತಿ ಹೋಗುತ್ತಾರೋ ನೋಡಬೇಕೆಂದು ನನಗೆ ಬಹಳ ಆಸೆಯಾಗಿದೆ. ಕಾಫಿಯನ್ನು ನನ್ನ ಹೆಂಡತಿ ಚೆನ್ನಾಗಿ ಮಾಡುತ್ತಾಳೆ.